ಆಂಟೆನಾಕ್ಕೆ ನಂಬರು ಬರೆದದ್ದು

ಸರ್ಕಾರಿ ವಸ್ತುವಿನ ನಂಬರನ್ನು ಎಣ್ಣೆ ಬಣ್ಣದಲ್ಲಿ ಬರೆಯುವ ತನಕ ಆ ವಸ್ತು ಇರುವುದಿಲ್ಲ. ಹಿರಿಯೂರಿನ ನಿಸ್ತಂತು ಸಂಪರ್ಕ ಕಚೇರಿಯಲ್ಲಿ ಕುರ್ಚಿ, ಫ್ಯಾನು, ನೀರಿನ ಹೂಜಿ ಎಲ್ಲವೂ ಹೀಗೆಯೇ ಅಸ್ತಿತ್ವಕ್ಕೆ ಬಂದವು.

2003ರಲ್ಲಿ ಅಲ್ಲಿನ ತಾತ್ಕಾಲಿಕ ಎಂಜಿನಿಯರ್ ಯಶೋದಾ ಒಂದು ಆಂಟೆನಾ ಮಾಡಿದಳು. ಮೈಕ್ರೋಸ್ಟ್ರಿಪ್ ಪ್ಯಾಚ್ ಎಂದು ಹೆಸರು. ಅಂಗೈಯಗಲದ ಹಲಗೆ, ಮೇಲೊಂದು ತಾಮ್ರದ ಚೌಕ, ಬೆನ್ನಿಗೆ ತಾಮ್ರದ ಹಾಳೆ. ಬಿಸ್ಕತ್ತಿನಷ್ಟೂ ದಪ್ಪವಿಲ್ಲ. ತಾರಸಿಯ ಕೋಣೆಯ ಹೊರಗೋಡೆಗೆ ಅಂಟಿಸಿದಳು. ಆದಿವಾಲದ ಶಾಖೆಯ ಜೊತೆ ಮಾತು ಸಲೀಸಾಯಿತು. ಚಿತ್ರದುರ್ಗದ ಸಮಿತಿಯ ತಪಾಸಣೆಯಲ್ಲಿ ಇದು ಪಾಸಾದರೆ ಅವಳ ನೌಕರಿ ಕಾಯಂ. ಇಲ್ಲವಾದರೆ ತಿಂಗಳ ಕೊನೆಗೆ ಮನೆ.

ತಪಾಸಣೆಯ ಹಿಂದಿನ ದಿನ ಸ್ಟೋರ್ ಕೀಪರ್ ಜುಂಜಣ್ಣ ಬಣ್ಣದ ಡಬ್ಬಿ ಹಿಡಿದು ಬಂದ.

“ಎಲ್ಲೈತಮ್ಮಾ ಆಂಟೆನಾ?”

“ನಿನ್ ಮುಂದೇನೇ ಐತಲ್ಲಣ್ಣ.”

“ಇದಾ? ಸ್ವಿಚ್‌ಬೋರ್ಡಿನ ಮುಚ್ಚಳ ಅನ್ಕಂಡೆ. ಅಕ್ಷರ ನಾಕಿಂಚು ಇರ್ಬೇಕು ಅಂತ ರೂಲೈತೆ. ಇದ್ರಾಗೆ ಒಂದು ಸೊನ್ನೆನೂ ಕುಂದ್ರಲ್ಲ.”

“ತಾಮ್ರಕ್ಕೆ ಬಣ್ಣ ಬಳೀಬ್ಯಾಡಣ್ಣ, ಕೆಡ್ತೈತೆ.”

“ನಾನ್ಯಾಕೆ ಬಳೀಲಿ? ನಾನೇನು ದಡ್ಡನಾ?”

ಜುಂಜಣ್ಣ ದಡ್ಡನಲ್ಲ. ಬಾಗಿಲಗಲದ ಕಬ್ಬಿಣದ ತಗಡು ತರಿಸಿ, ನಂಬರು ಬರೆದು, ಆಂಟೆನಾದ ಮುಂದೆ ಎರಡು ಕಾಲಿನ ಮೇಲೆ ನಿಲ್ಲಿಸಿದ. ನಂಬರು ಹೆದ್ದಾರಿಗೂ ಕಾಣುತ್ತಿತ್ತು. ಆದಿವಾಲ ಕೇಳಿಸುತ್ತಿರಲಿಲ್ಲ.

“ಕಬ್ಬಿಣ ದಾಟಿ ಅಲೆ ಹೋಗಲ್ಲ ಸಾರ್,” ಎಂದು ಯಶೋದಾ ಮೇಲಧಿಕಾರಿ ಓಬಳೇಶಪ್ಪನವರಿಗೆ ಹೇಳಿದಳು. ಅವರು ತಕ್ಷಣ ಸುತ್ತೋಲೆ ಹೊರಡಿಸಿದರು:

“ಫಲಕ ತೆಗೆದಲ್ಲಿ ಆಂಟೆನಾ ಇರುವುದಿಲ್ಲ. ಇಲ್ಲದ ಆಂಟೆನಾ ಕೆಲಸ ಮಾಡಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು. ಫಲಕವಿದ್ದೂ ಕೆಲಸ ಮಾಡದಿದ್ದಲ್ಲಿ ಅದನ್ನು ಹವಾಮಾನ ಎಂದು ಪರಿಗಣಿಸತಕ್ಕದ್ದು.”

ಮರುದಿನ ಸಮಿತಿ ಬಂತು. ತಗಡು ನೋಡಿ ಅಧ್ಯಕ್ಷರಿಗೆ ಸಂತೋಷವಾಯಿತು.

“ಭಾರಿ ಆಂಟೆನಾ! ಎಲ್ಲಿ, ಆದಿವಾಲಕ್ಕೆ ಕರೀರಿ.”

ಯಶೋದಾ ಮೈಕು ಹಿಡಿದಳು. “ಹಲೋ, ಆದಿವಾಲ?”

“ಆದಿವಾಲ. ಹೇಳ್ರಿ ಮೇಡಂ.”

ಮಾತು ಬಂದದ್ದು ತಗಡಿನ ಹಿಂದಿನಿಂದ. ಆದಿವಾಲದ ಆಪರೇಟರ್ ಚಿತ್ತಯ್ಯ, ನಿನ್ನೆಯಿಂದ ಸದ್ದಿಲ್ಲ ಯಾಕೆಂದು ಕೇಳಲು ಬೆಳಗಿನ ಬಸ್ಸಿಗೆ ಬಂದು, ಅಲ್ಲಿ ತೂರಿಕೊಂಡು ಆಂಟೆನಾ ನೋಡುತ್ತಿದ್ದ. ಕರೆದಾಗ ಓಗೊಡುವುದು ಅವನ ಅಭ್ಯಾಸ.

“ಏನ್ ಕ್ಲಿಯರ್ರು! ಪಕ್ಕದಾಗೆ ನಿಂತಂಗೈತೆ,” ಎಂದರು ಅಧ್ಯಕ್ಷರು. ತಗಡಿನ ಕೆಳಗೆ ಚಪ್ಪಲಿ ಕಾಣುತ್ತಿತ್ತು. ಅಧ್ಯಕ್ಷರು ಅದನ್ನೂ ನೋಡಿದರು. “ಅದೇನ್ರಿ?”

ಯಶೋದಾಗೆ ನಿಜ ಬಾಯಿ ತನಕ ಬಂತು. ತಿಂಗಳ ಕೊನೆ ಅದಕ್ಕಿಂತ ಹತ್ತಿರವಿತ್ತು.

“ಅರ್ಥಿಂಗ್ ಸಾರ್.”

ನೌಕರಿ ಕಾಯಂ ಆಯಿತು. ಚಿತ್ತಯ್ಯನನ್ನು ತಗಡಿನ ಹಿಂದಕ್ಕೆ ನಿಯೋಜಿಸಿ, ಪ್ರಯಾಣ ಭತ್ಯೆ ಮಂಜೂರು ಮಾಡಲಾಯಿತು. ಆದಿವಾಲದವರು ಸಂದೇಶ ಹೇಳಲು ಬಸ್ಸಿನಲ್ಲಿ ಬಂದು ಅವನ ಹಿಂದೆ ಸರದಿ ನಿಲ್ಲತೊಡಗಿದರು. ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ ಎಂದರು.

ಹೊಸದುರ್ಗಕ್ಕೂ ಹೊಳಲ್ಕೆರೆಗೂ ಅಂಥದ್ದೇ ಬೇಕೆಂದು ಆದೇಶ ಬಂತು. ಯಶೋದಾ ವಿನ್ಯಾಸಕ್ಕೆ ಕುಳಿತಳು. ತಗಡಿನ ಹಿಂದೆ ಒಂದು ಸ್ಟೂಲಿಗೆ ಎಷ್ಟು ಜಾಗ ಬೇಕು ಎಂದು ಮೊದಲು ಅಳೆದಳು.