ಅಯ್ಯನವರ ಸೋಮವಾರ

ಸಭಾಪಾಲಕನಿಗೆ ವಾರಕ್ಕೆ ಎರಡೇ ಗಂಟೆ ಕೆಲಸ, ಅದೂ ಭಾನುವಾರ ಬೆಳಿಗ್ಗೆ ಎಂದು ಜನ ನಂಬಿರುವ ತನಕ ನನ್ನಂಥವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ, ನಾಲ್ಕೂ ಊರಿನ ಚರ್ಚಿಗೆ ನಾನೊಬ್ಬನೇ ಅಯ್ಯನವರು. ಸೋಮವಾರ ರಜೆ ಎನ್ನುವುದು ಕಾಗದದ ಮೇಲಿದೆ. ಹೆಂಡತಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿದಾಗ, "ಈ ಸೋಮವಾರ ರಾಮನಗರದ ಡಾಕ್ಟರಿಗೆ ತೋರಿಸಿಬಿಡೋಣ" ಅಂದೆ. ಆಗ ಅದು ನೆಲ್ಲಿಕಾಯಿಯಷ್ಟಿತ್ತು.

೧. ಸಿಲಿಂಡರ್

ಹೊರಡುವ ಹೊತ್ತಿಗೆ ಪಕ್ಕದ ಮನೆಯ ರೇಷ್ಮೆಗೂಡಿನ ವ್ಯಾಪಾರಿ ಬೀಗದ ಕೈ ಹಿಡಿದು ಬಂದರು.

"ಒಸಿ ನಮ್ಮನೇಲಿ ಕೂತಿರಿ ಅಯ್ನೋರೆ, ಗ್ಯಾಸ್ ಸಿಲಿಂಡರ್ ಬತ್ತೈತೆ. ನಾನು ಗೂಡಿನ ಮಾರ್ಕೆಟ್‌ಗೆ ಹೋಗ್ಬೇಕು, ರಾಮನಗರಕ್ಕೆ."

"ನಾವೂ ಅಲ್ಲಿಗೇ ಹೊರಟಿದ್ದೀವಲ್ಲ."

"ನೀವು ನಾಳಿಕ್ಕೋಗಿ. ಭಾನ್ವಾರದ ಗಂಟ ನಿಮ್ಗೇನ್ ಕೆಲ್ಸ?"

ನಾಳೆಯಿಂದ ಭಾನುವಾರದ ಆರಾಧನೆಗೆ ಪ್ರಸಂಗ ಬರೆಯಬೇಕು ಅಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಅದೇ ಪುಸ್ತಕ ಅಲ್ವಾ? ಹೋದ್ ವರ್ಸದಿಂದ ಅದ್ರಾಗೇನಾರ ಬದ್ಲಾಗೈತಾ?"

ಇಲ್ಲ ಅನ್ನುವುದು ನನಗೆ ಹುಟ್ಟಿನಿಂದ ಬಾರದ ವಿದ್ಯೆ. ಸಿಲಿಂಡರ್ ಮೂರು ಗಂಟೆಗೆ ಬಂತು. ಡಾಕ್ಟರು ಎರಡಕ್ಕೇ ಎದ್ದು ಹೋಗಿದ್ದರು.

೨. ಎರಡು ದೂರು

ಮುಂದಿನ ಸೋಮವಾರ ಚರ್ಚಿನ ಕಮಿಟಿ ಕರೆಯಿತು. ಹಿಂದಿನ ದಿನ ತಾನೇ ಹೊಂಗನೂರಿನ ಕಡೆ ಹನ್ನೊಂದು ಮನೆ ಭೇಟಿ ಮಾಡಿ ಹನ್ನೊಂದು ಟೀ ಕುಡಿದಿದ್ದೆ. ಬೇಡ ಅಂದರೆ ಅಯ್ಯನವರಿಗೆ ಗರ್ವ, ಕುಡಿದರೆ ಅಯ್ಯನವರಿಗೆ ಬೇರೆ ಕೆಲಸವಿಲ್ಲ.

ಕಾರ್ಯದರ್ಶಿಗಳು, ನಿವೃತ್ತ ಮೇಷ್ಟ್ರು, ಕನ್ನಡಕ ಏರಿಸಿ ಓದಿದರು. "ಎರಡು ದೂರು ಬಂದಿವೆ. ಒಂದು, ಅಯ್ಯನವರು ಯಾರ ಮನೆಗೂ ಬರುವುದಿಲ್ಲ. ಎರಡು, ಅಯ್ಯನವರು ಯಾವಾಗ ಹೋದರೂ ಮನೆಯಲ್ಲಿರುವುದಿಲ್ಲ."

"ಯಾರು ಕೊಟ್ಟಿದ್ದು?"

"ಎರಡನ್ನೂ ಒಬ್ಬರೇ ಕೊಟ್ಟವ್ರೆ."

೩. ಸಂತೈಸುವ ಪ್ರಾರ್ಥನೆ

ಮೂರನೇ ಸೋಮವಾರ ಬಸ್‌ಸ್ಟ್ಯಾಂಡ್‌ವರೆಗೆ ತಲುಪಿದ್ದೆವು. ಮಾಗಡಿಯಿಂದ ಫೋನ್ ಬಂತು, ಸಾವು. "ಹೋಗಿ, ಸತ್ತೋರು ಕಾಯೋಕಾಗಲ್ಲ" ಎಂದು ಹೆಂಡತಿಯೇ ಕಳಿಸಿದಳು. ಕಾಯುವವಳು ತಾನು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಣ್ಣು ಮುಗಿಸಿ, ಅದೇ ಕೆಸರು ಚಪ್ಪಲಿಯಲ್ಲಿ ಸಂಜೆ ಕನಕಪುರದ ನಿಶ್ಚಿತಾರ್ಥಕ್ಕೆ ಓಡಿದೆ. ಕಣ್ಣು ಮುಚ್ಚಿದೆ, ಬಾಯಿ ತಾನಾಗಿ ತೆರೆಯಿತು. "ಕರ್ತನೇ, ದುಃಖದಲ್ಲಿ ಮುಳುಗಿರುವ ಈ ಕುಟುಂಬವನ್ನು ಸಂತೈಸು..."

ತಲೆ ಬಗ್ಗಿಸಿದ್ದವರೆಲ್ಲ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಹುಡುಗಿಯ ಅಪ್ಪ ಮಾತ್ರ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಹಂಗೇ ಮುಂದುವರ್ಸಿ ಅಯ್ನೋರೆ. ನಮ್ ಕಷ್ಟ ನಿಮ್ಗೊಬ್ರಿಗೇ ಅರ್ಥ ಆಗಿದ್ದು."

೪. ಕೊನೆಯ ಹಾಸಿಗೆ

ಡಾಕ್ಟರಿಗೆ ತೋರಿಸುವ ಹೊತ್ತಿಗೆ ನೆಲ್ಲಿಕಾಯಿ ನಿಂಬೆಹಣ್ಣಾಗಿತ್ತು. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಅವರು ಗದರಿದರು. ಸಿಲಿಂಡರ್ ಕಾಯುತ್ತಿದ್ದೆ ಎಂದು ಹೇಳುವುದು ಹೇಗೆ? ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು. ತೆಗೆದು ನೋಡುವ ತನಕ ಏನೂ ಹೇಳಲಾಗದು ಅಂದರು. ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ಸೋಮವಾರ ಬೆಳಿಗ್ಗೆ ವಾರ್ಡಿಗೆ ಹೋದೆ. ಹೆಂಡತಿ ಕೊನೆಯ ಹಾಸಿಗೆಯಲ್ಲಿದ್ದಳು. ಬಾಗಿಲ ಬಳಿಯ ಹಾಸಿಗೆಯಲ್ಲಿದ್ದ ದೊಡ್ಡಮಳೂರಿನ ಅಜ್ಜಿ ನನ್ನ ಬಿಳಿ ಅಂಗಿ, ಬೈಬಲ್ ನೋಡಿ, "ಪಾದ್ರಿಗಳೇ, ಯಾವ್ ದೇವ್ರಾದ್ರೇನು, ನನ್ ತಲೆ ಮ್ಯಾಲೂ ಒಸಿ ಕೈ ಮಡಗಿ" ಅಂದಳು. ಹೆಸರು ಕೇಳಿ, ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಪಕ್ಕದವಳು "ನಂಗೂ" ಅಂದಳು. ಅದರಾಚೆಯವಳೂ ಕರೆದಳು. ಹೆಸರು ಕೇಳುವುದು, ಕೈ ಇಡುವುದು, ಮುಂದಿನ ಹಾಸಿಗೆ. ಹೀಗೆ ಏಳು ಹಾಸಿಗೆ ಮುಗಿದವು. ಎಂಟನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ತೆರೆಯುವುದೂ ಮರೆತಿತ್ತು. ಆಪರೇಷನ್ನಿಗೆ ತೊಡಿಸಿದ್ದ ಟೋಪಿಯ ಮೇಲೆ ಕೈ ಇಟ್ಟು ಕೇಳಿದೆ:

"ನಿಮ್ಮ ಹೆಸರೇನಮ್ಮಾ?"

"ಎಲ್ರೂ ಅಯ್ನೋರ ಹೆಂಡ್ತಿ ಅಂತಾರೆ," ಅಂದಿತು ಗುರುತಿನ ದನಿ.

ಏಳು ಹಾಸಿಗೆಗಳೂ ಹೊಟ್ಟೆ ಹಿಡಿದುಕೊಂಡು ನಕ್ಕವು. ಅವಳೂ ನಕ್ಕಳು, ಕುತ್ತಿಗೆ ಒತ್ತಿಕೊಂಡು. ನನಗೆ ನಗು ಬರಲಿಲ್ಲ, ಪ್ರಾರ್ಥನೆಯೂ ಬರಲಿಲ್ಲ. ಇಪ್ಪತ್ತೆರಡು ವರ್ಷ ಪ್ರಾರ್ಥಿಸಿದ ಮಾತೆಲ್ಲ ಕೈಕೊಟ್ಟು, "ಸುಗುಣಾ" ಎನ್ನುವುದೊಂದೇ ಬಾಯಿಗೆ ಬಂತು. ಅದನ್ನೇ ಮತ್ತೆ ಮತ್ತೆ ಹೇಳುತ್ತ ನಿಂತೆ.

ಸ್ಟ್ರೆಚರ್ ತಳ್ಳಿಕೊಂಡು ಬಂದವನು ಗೊಣಗಿದ: "ಬೇಗ ಮುಗ್ಸಿ ಸ್ವಾಮಿ, ಒಳಗೆ ಡಾಕ್ಟ್ರು ಕಾಯ್ತಾವ್ರೆ."

"ಅವ್ರನ್ನ ಅವಸರ ಮಾಡ್ಬ್ಯಾಡ ಕಣಪ್ಪಾ," ಅಂದಳು ಅವಳು. "ಇವತ್ತು ಅವ್ರಿಗೆ ರಜಾ."