ಕೊರಿನ್ ಆರಿಸಿದ ಚೌಕಟ್ಟು

“ಅಮ್ಮಾ, ಅಪ್ಪ ಯಾವಾಗಿಂದ ಕತ್ತೆ ಆದ?”

ಐದು ವರ್ಷದ ಬರ್ಡಿಯ ಪ್ರಶ್ನೆಯಲ್ಲಿ ಕುಹಕವೇನೂ ಇರಲಿಲ್ಲ. ಅಮೆರಿಕದ ಐಡಾಹೋದ ಆ ಬೆಟ್ಟದೂರಿನಲ್ಲಿ ಬೆನ್ನಿಗೆ ಮೂಟೆ ಬಿಗಿಸಿಕೊಂಡು ಏರು ಹತ್ತುವ ಪ್ರಾಣಿ ಎಂದು ಅವಳು ಕಂಡಿದ್ದು ಕತ್ತೆಯೊಂದನ್ನೇ. ಅವಳಪ್ಪ ಟ್ರೆಂಟ್ ಈಗ ಎರಡು ಉಪ್ಪಿನ ಚೀಲ ಹೊತ್ತು ನೆಲಮಾಳಿಗೆಯ ಮೆಟ್ಟಿಲನ್ನು ಹನ್ನೊಂದನೆಯ ಸಲ ಹತ್ತುತ್ತಿದ್ದ.

“ಹಾಗೆಲ್ಲ ಅನ್ನಬಾರದು ಪುಟ್ಟಾ” ಎಂದಳು ಕೊರಿನ್, ಚಿಕ್ಕ ಮಗುವಿನ ಬಾಯಿ ಒರೆಸುತ್ತ. (ನಿಜವಾದ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಇಸವಿ ತಿಂಗಳು ಸಮೇತ.)

ಈ ಸಾಹಸಕ್ಕೆ ಹಿನ್ನೆಲೆಯಿದೆ. ಹಿಂದಿನ ವರ್ಷ ಟ್ರೆಂಟ್ ಕುದುರೆ ಗಾತ್ರದ ಎಲ್ಕ್ ಕಡವೆಯೊಂದನ್ನು ಬಾಣದಿಂದ ಹೊಡೆದು, ಅಷ್ಟೂ ಮಾಂಸವನ್ನು ತನ್ನ ಕಾಲೇಜಿನ ಬ್ಯಾಗಿನಲ್ಲಿ ತುಂಬಿ ತುಂಬಿ ಬೆಟ್ಟದಿಂದ ಇಳಿಸಿದ್ದ. ಫ್ರೀಜರ್ ತುಂಬಿತು. ಟ್ರೆಂಟ್ ಮಾತ್ರ ಬೆನ್ನು ಹಿಡಿದು ಹದಿನೈದು ದಿನ ನೆಲದ ಮೇಲೆ ಅಂಗಾತ ಬಿದ್ದು ಚಾವಣಿಯೊಡನೆ ಸಂಸಾರ ಮಾಡಿದ. ಹೊಟ್ಟೆಯಲ್ಲೊಂದು, ಸೊಂಟದಲ್ಲೊಂದು, ನೆಲದಲ್ಲೊಂದು ಎಂದು ಮೂರು ಮಕ್ಕಳನ್ನು ಸಾಕಿದ ಕೊರಿನ್, ಈ ವರ್ಷ ಗೃಹಸರ್ಕಾರದ ಆಜ್ಞೆ ಹೊರಡಿಸಿದಳು: ಮಾಂಸ ಹೊರಲು ಬೆನ್ನಿಗೊಂದು ಸರಿಯಾದ ಚೌಕಟ್ಟು ಬರುವತನಕ ಬಿಲ್ಲು ಗೋಡೆಯಿಂದ ಇಳಿಯತಕ್ಕದ್ದಲ್ಲ.

ಹೆಸರಾಂತ ಚೌಕಟ್ಟುಗಳ ಬೆಲೆಗೆ ಒಂದು ಮುದಿ ಕುದುರೆಯೇ ಬರುತ್ತಿತ್ತು. ಹಾಗಾಗಿ ಗಂಡ ಹೆಂಡತಿ ಕೈಗೂಸನ್ನು ಎತ್ತಿಕೊಂಡು ಅರವತ್ತು ಮೈಲಿ ದೂರದ ರೈತರ ಅಂಗಡಿಗೆ ಹೋದರು. ಅಲ್ಲಿ ಇವರ ಕೈಗೆಟುಕುವುದು ಎರಡೇ ಇದ್ದವು.

“ಇದು ನೋಡು, ಇಪ್ಪತ್ತೊಂದು ಜೇಬು!” ಎಲೆಬಣ್ಣದ ಚೀಲವೊಂದನ್ನು ಟ್ರೆಂಟ್ ತಬ್ಬಿಕೊಂಡೇಬಿಟ್ಟ.

“ಕಡವೆ ತೊಡೇನ ಯಾವ ಜೇಬಲ್ಲಿ ಇಡ್ತೀಯ?”

“ಚಾಕು, ಟಾರ್ಚು, ಬೆಂಕಿಪೊಟ್ಟಣ ಎಲ್ಲಾ ಬೇಕಲ್ವಾ?”

“ಹಾಗಾದ್ರೆ ಚಳಿಗಾಲ ಪೂರ್ತಿ ಟಾರ್ಚನ್ನೇ ಬೇಯಿಸಿ ಹಾಕ್ತೀನಿ, ತಿನ್ನು.”

“ಇನ್ನೊಂದು ನೋಡು, ನಮ್ಮಜ್ಜಿ ಮಡಚೋ ಕುರ್ಚಿ ಥರ ಇದೆ!”

ಇತ್ತು, ನಿಜ. ಬೂದುಬಣ್ಣದ ಅಲ್ಯೂಮಿನಿಯಂ ಕೊಳವೆಗಳು, ಭಾರ ಕೂರಿಸಲು ಕೆಳಗೊಂದು ತಟ್ಟೆ, ಅಂಗೈಯಗಲದ ಸೊಂಟಪಟ್ಟಿ. ಜೇಬಿನ ಸುಳಿವೇ ಇಲ್ಲ. ಅಂಗಡಿಯ ಮುದುಕ ಹೇಳಿದ, “ಭಾರ ಭುಜದ ಮೇಲಲ್ಲ ಮಗಳೇ, ಸೊಂಟದ ಮೇಲೆ ಕೂರಬೇಕು. ಆ ನಾಯಿತಿಂಡಿ ಚೀಲ ಕಟ್ಟಿ ನಾಲ್ಕು ಹೆಜ್ಜೆ ಹಾಕಿ, ಗೊತ್ತಾಗುತ್ತೆ.”

ಹೆಜ್ಜೆ ಹಾಕಬೇಕಾದವನು “ಎರಡೇ ನಿಮಿಷ” ಎಂದು ಬಾಣಗಳ ವಿಭಾಗದಲ್ಲಿ ಅಂತರ್ಧಾನನಾಗಿದ್ದ. ಕೊರಿನ್ ಮಗುವನ್ನು ಮುದುಕನ ಕೈಗಿಟ್ಟು ತಾನೇ ಪಟ್ಟಿ ಬಿಗಿದಳು. ಐದು ವರ್ಷ ಮಕ್ಕಳನ್ನು ಹೊತ್ತು ಪಳಗಿದ ಸೊಂಟ. ಐವತ್ತು ಪೌಂಡಿನ ಆ ಚೀಲ ಅದಕ್ಕೆ ಹೂವಿನ ಹಾರ. ಅಂಗಡಿಗೆ ಆರು ಸುತ್ತು ಹಾಕಿ ಬಂದು, “ಇದೇ” ಎಂದಳು. ಮನೆಗೆ ಮರಳುವ ಅರವತ್ತು ಮೈಲಿಯೂ ಟ್ರೆಂಟ್‌ಗೆ ಭಾರವಹನ ಶಾಸ್ತ್ರದ ಪಾಠ ನಡೆಯಿತು.

ಅದರ ಫಲವೇ ಚೌಕಟ್ಟು ಬಿಗಿದು ಉಪ್ಪು ಹೊರುವ ಈ ಮೆಟ್ಟಿಲ ಸವಾರಿ.

“ಹೇಗಿದೆ?” ಎಂದು ಕೇಳಿದಳು ಕೊರಿನ್.

“ಸಕತ್ತಾಗಿದೆ” ಎಂದ ಟ್ರೆಂಟ್. ಮುಖ ಬೀಟ್‌ರೂಟ್ ಆಗಿತ್ತು.

“ಮತ್ತೆ ಯಾಕೆ ಗೋಣಿಚೀಲದ ಓಟಕ್ಕೆ ನಿಂತವನ ಹಾಗೆ ಹೆಜ್ಜೆ ಹಾಕ್ತಿದ್ದೀಯ?”

“ಉಪ್ಪು ಭಾರ ಅಲ್ವಾ.”

ಸೆಪ್ಟೆಂಬರಿನ ಒಂದು ಶನಿವಾರ ಬೇಟೆಯ ಕಾಲ ಶುರುವಾಯಿತು. ಬಿಸಿಲು ಮಾತ್ರ ನಡುಬೇಸಿಗೆಯ ಜುಲೈಯದು. ಮಧ್ಯಾಹ್ನದ ಹೊತ್ತಿಗೆ ಟ್ರೆಂಟ್‌ನ ಟ್ರಕ್ ಅಂಗಳಕ್ಕೆ ಬಂತು. ಕಡವೆ ಸಿಕ್ಕಿತ್ತು! ಟ್ರಕ್ಕಿನ ಹಿಂಬದಿಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ಮುಂಗಾಲು. ಪಕ್ಕದಲ್ಲಿ ಚೌಕಟ್ಟು, ಅಂಗಡಿಯಿಂದ ತಂದಷ್ಟೇ ಶುಭ್ರ. ಟ್ರೆಂಟ್‌ನ ಅಂಗಿಯ ಎದೆಯೆಲ್ಲ ರಕ್ತ.

“ಅಯ್ಯೋ, ಏನಾಯ್ತು?”

“ನನಗೇನಿಲ್ಲ. ಎರಡು ಮೈಲಿ ದಾರಿ, ಎರಡು ಸಲ, ಒಂದೊಂದು ಕಾಲನ್ನೂ ಮಗೂ ಥರ ಎತ್ಕೊಂಡು ಬಂದೆ.”

“ಚೌಕಟ್ಟಿತ್ತಲ್ಲ!”

“ಅದು ನನ್ನ ಬೆನ್ನಿಗಲ್ಲ, ಕೊರಿನ್. ನನ್ನ ಉದ್ದ ಎಲ್ಲಾ ಕಾಲಲ್ಲೇ ಇರೋದು, ಬೆನ್ನು ಗಿಡ್ಡ. ಆ ಪಟ್ಟಿ ಸೊಂಟಕ್ಕೆ ಬರಲ್ಲ, ತೊಡೆ ಮೇಲೆ ಕೂರುತ್ತೆ. ಅದಕ್ಕಿರೋದೂ ಒಂದೇ ಅಳತೆ.”

“ಅವತ್ತೇ ಬಾಯಿ ಬಿಡೋದಲ್ವಾ?”

“ಅರವತ್ತು ಮೈಲಿ ಭಾಷಣ ಆದಮೇಲಾ?”

ಕೊರಿನ್ ಮಾತು ಬದಲಿಸಿದಳು. “ಹಿಂಗಾಲು?”

“ಹೊಳೆ ಪಕ್ಕ ನೆರಳಲ್ಲಿ ತೂಗುಹಾಕಿದ್ದೀನಿ. ಅದು ಕೈಯಲ್ಲಿ ಎತ್ಕೊಂಡು ಬರೋ ಭಾರ ಅಲ್ಲ. ಈ ಸೆಕೆಗೆ ಸಂಜೆ ತನಕ ತಡೆದ್ರೆ ಹೆಚ್ಚು.”

“ನಿಮ್ಮಣ್ಣನ್ನ ಕರಿ.”

“ಇವತ್ತು ಊರಲ್ಲಿ ಯಾವ ಗಂಡಸು ಇದ್ದಾನೆ ಹೇಳು? ಎಲ್ಲಾ ಅವರವರ ಬೆಟ್ಟದಲ್ಲಿದ್ದಾರೆ.”

ಎರಡು ಹಿಂಗಾಲೆಂದರೆ ಅರ್ಧ ಚಳಿಗಾಲದ ಊಟ. ಅದು ಬಿಸಿಲಿಗೆ ಕೊಳೆಯುವುದನ್ನು ನೆನೆದು ಕೊರಿನ್‌ಗೆ ಸಿಟ್ಟು ನೆತ್ತಿಗೇರಿತು. ಇಂಥ ಚೌಕಟ್ಟನ್ನು ಆರಿಸಿದವರಿಗೆ ಚೆನ್ನಾಗಿ ಉಗಿಯೋಣವೆಂದು ನೋಡಿದರೆ, ಆ ಮಹಾಶಯೆ ಸೌಟು ಹಿಡಿದು ಇದೇ ಅಂಗಳದಲ್ಲಿ ನಿಂತಿದ್ದಳು.

ಟ್ರೆಂಟ್ ಚೌಕಟ್ಟನ್ನು ಟ್ರಕ್ಕಿನಿಂದಿಳಿಸಿ, ಪಟ್ಟಿಯ ಮೇಲಿನ ಧೂಳು ಒರೆಸಿದ. ಒಮ್ಮೆ ಅವಳ ಬೆನ್ನಿನತ್ತ, ಇನ್ನೊಮ್ಮೆ ಅವಳ ಸೊಂಟದತ್ತ ನೋಡಿದ. ಮದುವೆಯಾದ ಹೊಸತರಲ್ಲೂ ಅವನು ಅಷ್ಟು ಗೌರವದಿಂದ ನೋಡಿರಲಿಲ್ಲ.

“ಚಿನ್ನಾ, ಒಂದು ಉಪಕಾರ ಮಾಡ್ತೀಯಾ? ಮಕ್ಕಳನ್ನ ನೋಡ್ಕೊಳ್ಳೋಕೆ ನಮ್ಮಮ್ಮ ಆಗಲೇ ಇಲ್ಲಿಗೆ ಹೊರಟಿದ್ದಾರೆ. ಆ ಎರಡು ಹಿಂಗಾಲು ಇಳಿಸ್ಕೊಟ್ಬಿಡು, ಒಂದ್ಸಲಕ್ಕೆ ಒಂದೇ ಸಾಕು. ನಾನೂ ಜೊತೇಲೇ ಇರ್ತೀನಿ, ನೀರಿನ ಬಾಟ್ಲಿ ಪೂರ್ತಿ ನನ್ನ ಜವಾಬ್ದಾರಿ.”