ಲೋಕಾಂತ್ಯವೂ ಯಾಕೋಬನ ಊಟವೂ

ಕಣ್ಣಾರೆ ಕಂಡದ್ದನ್ನು ಮಾತ್ರ ನಂಬಬೇಕು ಎಂಬ ನಿಯಮವನ್ನು ನಾನು ಕೊಲ್ಲಾಪುರದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡುವಾಗ ಹಾಕಿಕೊಂಡೆ. ನಿಯಮವೇನೋ ಚೆನ್ನಾಗಿಯೇ ಇದೆ. ತೊಂದರೆ ಎಂದರೆ, ಕಣ್ಣಾರೆ ಕಂಡದ್ದು ಏನು ಎಂಬುದೇ ನನಗೆ ಸರಿಯಾಗಿ ನೆನಪಿರುವುದಿಲ್ಲ. ನಮ್ಮ ಮದುವೆಯ ದಿನ ಮಳೆ ಬಂದಿತ್ತೆಂದು ನಾನು ವರ್ಷಗಟ್ಟಲೆ ಎಲ್ಲರಿಗೂ ವರ್ಣಿಸಿ ಹೇಳುತ್ತಿದ್ದೆ. ಒಂದು ದಿನ ನನ್ನ ಹೆಂಡತಿ, "ಅದು ನಿಮ್ಮ ತಮ್ಮನ ಮದುವ್ಯಾಗ್ರಿ. ನಮ್ಮ ಮದುವ್ಯಾಗ ಕುಡಿಯಾಕ ನೀರ ಇರಲಿಲ್ಲ" ಎಂದಳು. ಆದ್ದರಿಂದ ಲೋಕದ ಅಂತ್ಯವನ್ನು ನಾನು ಮೂರು ಸಲ ನೋಡಿದ್ದೇನೆ ಎಂದರೆ ಓದುಗರು ಸ್ವಲ್ಪ ಸಂಶಯದಿಂದಲೇ ಕೇಳಬೇಕು. ಒಂದೇ ಅಂತ್ಯವನ್ನು ಮೂರು ಸಲ ನೋಡಿರಲಿಕ್ಕೂ ಸಾಕು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲಿ ಲೋಕಾಂತ್ಯದ ಚಿತ್ರಗಳನ್ನು ಬಿಳಿ ಧೋತರದ ಪರದೆ ಕಟ್ಟಿ ತೋರಿಸುತ್ತಿದ್ದರು. ಇಂಗ್ಲಿಷ್ ಚಿತ್ರ, ಪಕ್ಕದಲ್ಲಿ ಮೈಕು ಹಿಡಿದು ಅರ್ಥ ಹೇಳುವ ಒಬ್ಬ ಮನುಷ್ಯ. ಕಥೆ ಇಷ್ಟೇ: ಒಂದು ದಿನ ನಿಜವಾದ ಭಕ್ತರೆಲ್ಲ ಇದ್ದಕ್ಕಿದ್ದಂತೆ ಮಾಯವಾಗಿ ಸ್ವರ್ಗಕ್ಕೆ ಹೋಗುತ್ತಾರೆ, ಉಳಿದವರು ಭೂಮಿಯ ಮೇಲೆ ಕಷ್ಟ ಪಡುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಅದನ್ನು ಹೇಳುವ ರೀತಿ. ನಮ್ಮ ಪುರಾಣಗಳಲ್ಲಿ ಪ್ರಳಯವೆಂದರೆ ಸಮುದ್ರ ಉಕ್ಕಬೇಕು, ಹನ್ನೆರಡು ಸೂರ್ಯರು ಉರಿಯಬೇಕು. ಇಲ್ಲಿ ಲೋಕಾಂತ್ಯ ಬರುವುದು ಅಡುಗೆಮನೆಗೆ, ಬಚ್ಚಲಿಗೆ. ಯಾರೂ ಮೇಲೆ ಹಾರುವುದನ್ನು ತೋರಿಸುವುದಿಲ್ಲ. ಅದಕ್ಕೆ ಖರ್ಚು ಹೆಚ್ಚು ಎಂದು ನನ್ನ ಗುಮಾನಿ. ಬದಲಿಗೆ ಬಿಟ್ಟುಹೋದದ್ದನ್ನು ತೋರಿಸುತ್ತಾರೆ. ಸುರಿಯುತ್ತಿರುವ ನಲ್ಲಿ, ನೆಲದ ಮೇಲೆ ಬಿದ್ದ ಕನ್ನಡಕ, ಆಳಿಲ್ಲದೆ ಓಡುವ ಯಂತ್ರ. ಗಂಡ ನಿದ್ದೆಯಿಂದೇಳುತ್ತಾನೆ, ಹೆಂಡತಿ ಇಲ್ಲ. ರೇಡಿಯೋದವನು ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ, ಏಕೆಂದರೆ ಕಥೆ ಹೇಳಲು ಯಾರಾದರೂ ಬೇಕಲ್ಲ. ಇನ್ನು ಎಲ್ಲ ಚಿತ್ರಗಳಲ್ಲೂ ಕನ್ನಡಕದ ಒಬ್ಬ ಕಲಿತ ಮನುಷ್ಯ ಇದ್ದೇ ಇರುತ್ತಾನೆ. "ಇದಕ್ಕೆ ಏನಾದರೂ ವೈಜ್ಞಾನಿಕ ಕಾರಣ ಇರಬೇಕು" ಎಂದು ಕೊನೆಯವರೆಗೂ ಹೇಳುತ್ತಾನೆ. ಅವನನ್ನು ಕಂಡಾಗ ನಾನು ನನ್ನ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ.

ಆಗ ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಓಣಿಯಲ್ಲಿ ದಾನಿಯೇಲ ಮಾಸ್ತರು ಎಂಬ ಶಾಲಾಶಿಕ್ಷಕರಿದ್ದರು. ಬಹಳ ಒಳ್ಳೆಯವರು, ಆದರೆ ಊಟಕ್ಕೆ ಕೂತವರಿಗೂ ಪಾಠ ಹೇಳುವ ಚಟ. ಅವರ ಹೆಂಡತಿ ರೂತಾಬಾಯಿಗೆ ಯಾಕೋಬ ಎಂಬ ಒಬ್ಬನೇ ತಮ್ಮ. ಇಚಲಕರಂಜಿಯ ಹತ್ತಿರ ಕಬನೂರಿನಲ್ಲಿ ವಿದ್ಯುತ್ ಮಗ್ಗ ನೋಡಿಕೊಳ್ಳುವ ಕೆಲಸ. ಅವನು ಪ್ರಾರ್ಥನೆಗೆ ಬರುವುದಿಲ್ಲವೆಂದು ಮಾಸ್ತರು ಒಮ್ಮೆ ತಾಟಿನ ಮುಂದೆಯೇ ಉಪದೇಶ ಮಾಡಿದರು. ಯಾಕೋಬ ಅನ್ನದಲ್ಲಿ ಕೈ ತೊಳೆದು ಎದ್ದುಹೋದ. ಆಮೇಲೆ ಅಕ್ಕನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ರೂತಾಬಾಯಿ ಹಬ್ಬಹಬ್ಬಕ್ಕೂ ಅವನ ತಾಟು ತೊಳೆದಿಟ್ಟು ಕಾಯುವಳು. ಸಂಜೆ ಮತ್ತೆ ಗೋಡೆಯ ಫಳಿಯ ಮೇಲೆ ಏರಿಸುವಳು.

ಮಾಸ್ತರಿಗೆ ಒಂದು ಉಪಾಯ ಹೊಳೆಯಿತು. "ಸರ, ಕಬನೂರದಾಗ ಆ ಸಿನಿಮಾ ಹಾಕಸೋಣ್ರಿ. ಅಂಜಿ ಓಡಿ ಬರತಾನ. ಅರ್ಥ ನೀವು ಹೇಳ್ರಿ."

"ನಾನು ನಂಬೋದಿಲ್ಲಲ್ರಿ ಮಾಸ್ತರ."

"ನಂಬಬ್ಯಾಡ್ರಿ. ಬರೇ ಕನ್ನಡದಾಗ ಹೇಳ್ರಿ ಸಾಕು."

ಒಳಗಿನಿಂದ ರೂತಾಬಾಯಿ, "ಅಂಜಿಸಿ ಕರಿಯಾಕ ಅಂವೇನು ಬೆಕ್ಕಿನ ಮರಿ ಏನ್ರಿ?" ಎಂದಳು. ಆದರೆ ಬಸ್ಸಿಗೆ ನಮ್ಮೊಂದಿಗೆ ಅವಳೂ ಹೊರಟಳು.

ಪಾಯಗೊಂಡಣ್ಣ ಎಂಬ ಜೈನ ಮಗ್ಗದ ಮಾಲೀಕರು ತಮ್ಮ ಅಂಗಳವನ್ನೂ ವಿದ್ಯುತ್ತನ್ನೂ ಕೊಟ್ಟರು. ಮಗ್ಗಗಳಿಗೆ ಅಂದು ವಾರದ ರಜೆ. ಸಂಜೆ ನೇಕಾರರೆಲ್ಲ ಹೆಂಡಿರು ಮಕ್ಕಳೊಂದಿಗೆ ಬಂದು ಕೂತರು. ಯಾಕೋಬನೂ ಬಂದ, ಆದರೆ ಹಿಂದೆ, ಗೋಡೆಗೊರಗಿ ನಿಂತ. ರೂತಾಬಾಯಿ ಮುಂದೆ ಹೆಂಗಸರ ಸಾಲಿನಲ್ಲಿದ್ದಳು. ಅವಳು ಪರದೆಯನ್ನು ನೋಡಿದ್ದಕ್ಕಿಂತ ಹಿಂದಕ್ಕೆ ತಿರುಗಿ ನೋಡಿದ್ದೇ ಹೆಚ್ಚು.

ಚಿತ್ರದಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಾನೇ ಓಡುತ್ತಿತ್ತು, ನಡೆಸುವವನಿಲ್ಲ. ಇಂಥಲ್ಲಿ ಜನ ಬೆಚ್ಚಿಬೀಳಬೇಕು ಎಂಬುದು ಪದ್ಧತಿ. ನಾನು ದನಿ ತಗ್ಗಿಸಿ, "ನೋಡ್ರಿ, ಯಂತ್ರ ನಡದೈತಿ. ಮನುಷ್ಯಾ ಎಲ್ಲಿ?" ಎಂದೆ.

ಹಿಂದಿನಿಂದ ಯಾಕೋಬನ ಉತ್ತರ ಬಂತು: "ಚಾ ಕುಡಿಯಾಕ ಹೋಗ್ಯಾನ."

ಅಂಗಳ ನಕ್ಕಿತು. ನನಗೆ ಆಗ ಹೊಳೆಯಿತು: ಈ ಊರಲ್ಲಿ ಒಬ್ಬ ನೇಕಾರ ನಾಲ್ಕಾರು ಮಗ್ಗ ನೋಡುತ್ತಾನೆ. ಮಗ್ಗ ತಾನೇ ಓಡುತ್ತಿರುತ್ತದೆ, ಅವನು ಮೂಲೆಯ ಅಂಗಡಿಯಲ್ಲಿರುತ್ತಾನೆ. ಆಳಿಲ್ಲದ ಯಂತ್ರ ಇವರಿಗೆ ಲೋಕಾಂತ್ಯವಲ್ಲ, ದಿನದ ಹನ್ನೊಂದು ಗಂಟೆಯ ಚಹಾದ ಹೊತ್ತು. ಚಿತ್ರದಲ್ಲಿ ಮುಂದೆ ಚಾಲಕನಿಲ್ಲದ ಕಾರು ಬಂದಾಗ ಬೇರೊಬ್ಬ ಮರಾಠಿಯಲ್ಲಿ, "ಹಾ ಪಣ ಚಹಾಲಾ ಗೇಲಾ", ಇವನೂ ಚಹಾಕ್ಕೆ ಹೋದ, ಎಂದ. ಖಾಲಿ ಬಟ್ಟೆಗಳ ಗುಪ್ಪೆ ತೋರಿಸಿದಾಗ ಪಾಯಗೊಂಡಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈ ಮುಗಿದರು. "ಭಾಳ ಚಲೋ ತೋರಿಸ್ಯಾರ. ಬಟ್ಟಿ ಸಹಿತ ಬಿಟ್ಟು ಹೋಗ್ಯಾರ, ನಮ್ಮ ದಿಗಂಬರ ಮುನಿಗಳ ಹಂಗ." ದಾನಿಯೇಲ ಮಾಸ್ತರು ಪ್ರೊಜೆಕ್ಟರಿನ ಹಿಂದೆ ತಲೆ ಹಿಡಿದುಕೊಂಡರು.

ಆಮೇಲೆ ನಾಯಕ ಮನೆಗೆ ಬಂದು ಕೋಣೆ ಕೋಣೆ ಹುಡುಕುತ್ತಾ ಹೆಂಡತಿಯ ಹೆಸರು ಹಿಡಿದು ಕೂಗಿದ. ಅರ್ಥ ಹೇಳಲು ಏನೂ ಇರಲಿಲ್ಲ. ಹೆಸರಿಗೆ ಯಾವ ಅನುವಾದ? ಅಲ್ಲಿ ಯಾರೂ ನಗಲಿಲ್ಲ. ಹೀಗೆಂದು ನನ್ನ ನೆನಪು. ಮಾಸ್ತರ ಪ್ರಕಾರ ಅಲ್ಲೂ ನಕ್ಕರು.

ದೀಪ ಹತ್ತಿದಾಗ ಯಾಕೋಬ ಗೋಡೆಯ ಹತ್ತಿರ ಇರಲಿಲ್ಲ. ರೂತಾಬಾಯಿ ಸ್ವಲ್ಪ ಹೊತ್ತು ಆ ಗೋಡೆಯನ್ನೇ ನೋಡಿ ಸೆರಗು ಸರಿಪಡಿಸಿಕೊಂಡಳು. ಬಸ್ಸಿನಲ್ಲಿ ಮಾಸ್ತರು ಹೇಳಿದ್ದು ಒಂದೇ ಮಾತು: "ಸರ, ಲೋಕಾಂತ್ಯ ಚಾದಾಗ ಮುಳುಗಿ ಹೋತು."

ಮುಂದಿನ ಭಾನುವಾರ ಮಧ್ಯಾಹ್ನ ಮಾಸ್ತರು ನಮ್ಮ ಮನೆಗೆ ಓಡಿಬಂದರು. "ಬಂದಾನ್ರಿ! ಊಟಕ್ಕ ಬರ್ರಿ ನೀವೂ." ಹೋಗಿ ನೋಡಿದರೆ ಯಾಕೋಬ ಚಾಪೆಯ ಮೇಲೆ ಕೂತಿದ್ದಾನೆ, ಪಕ್ಕದಲ್ಲಿ ಅವನು ತಂದ ಖಾರದ ಚುರುಮುರಿ, ಭಡಂಗದ ಪೊಟ್ಟಣ. ಮಾಸ್ತರು ನನ್ನ ಕಿವಿಯಲ್ಲಿ, "ಅಂಜ್ಯಾನ" ಎಂದು ಗೆಲುವಿನಿಂದ ಪಿಸುಗುಟ್ಟಿದರು. ನನಗೆ ಒಪ್ಪಿಗೆಯಾಗಲಿಲ್ಲ. ಚಹಾ ಎಂದು ನಗಿಸಿದವನು ಅಂಜುವವನಲ್ಲ. ಆ ಹೆಸರು ಹಿಡಿದು ಕೂಗಿದ ದೃಶ್ಯವೇ ಕಾರಣ ಇರಬೇಕು. ಅಥವಾ ಅಕ್ಕ ತಿರುಗಿ ತಿರುಗಿ ನೋಡಿದ್ದು. ಅಥವಾ ಅವನು ಉಣ್ಣುವ ಖಾನಾವಳಿಗೆ ರಜೆ. ಕೇಳಿಯೇ ತಿಳಿಯಬೇಕು. ನಾನು ಗಂಟಲು ಸರಿಪಡಿಸಿಕೊಂಡು, "ಯಾಕೋಬ, ಒಂದು ಮಾತು ಕೇಳಲೇನು?" ಎಂದೆ.

ರೂತಾಬಾಯಿ ಸಾರಿನ ಸೌಟು ಹಿಡಿದು ನನ್ನ ಮುಂದೆ ಬಂದು ನಿಂತಳು. "ಸರ, ಬಂದಾನ. ಯಾಕ ಬಂದಾನ ಅಂತ ಕೇಳಿ ಮತ್ತ ಕಳಸಬ್ಯಾಡ್ರಿ. ಉಣ್ರಿ." ಎಂದು ನನ್ನ ಅನ್ನದ ಮೇಲೆ ಸಾರು ಹೊಯ್ದಳು. ಮಾಸ್ತರ ತಾಟಿಗೂ ಹೊಯ್ದಳು, ಇನ್ನೂ ಸ್ವಲ್ಪ ಹೆಚ್ಚಾಗಿಯೇ. ನಾವಿಬ್ಬರೂ ತಲೆ ತಗ್ಗಿಸಿ ಉಂಡೆವು. ಯಾಕೋಬ ಎರಡು ಸಲ ಅನ್ನ ಹಾಕಿಸಿಕೊಂಡ. ಆಮೇಲೆ ಹಬ್ಬಕ್ಕೆ ಬರುವುದನ್ನು ತಪ್ಪಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಇಚಲಕರಂಜಿಯ ತುಂಬ ವಿಡಿಯೋ ಅಂಗಡಿಗಳು ತೆರೆದಿದ್ದ ಕಾಲದಲ್ಲಿ, ಯಾಕೋಬ ಕೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ. ಈಗ ನನ್ನನ್ನು ತಡೆಯುವವರಿರಲಿಲ್ಲ, ಅಂದು ಊಟಕ್ಕೆ ಯಾಕೆ ಬಂದೆ ಎಂದು ಕೇಳಿಬಿಟ್ಟೆ. ಅವನು ತಲೆ ಕೆರೆದುಕೊಂಡ.

"ನನಗೂ ನೆನಪಿಲ್ರಿ ಸರ. ಭಾವ ಒಂದು ಹೇಳ್ತಾನ, ಅಕ್ಕ ಒಂದು ಹೇಳ್ತಾಳ. ನೀವು ಕಲ್ತವರು, ಅಲ್ಲೇ ಇದ್ರಿ. ಯಾಕ ಬಂದಿದ್ದೆ ನಾ?"

ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಜನ್ಮವೆಲ್ಲ ಕಾದಿದ್ದೆ. ಬಸ್ಸು ಬರುವವರೆಗೆ ವಿವರವಾಗಿ ಕಾರಣ ತಿಳಿಸಿ ಹೇಳಿದೆ. ಅವನು, "ಹೌದ್ರಿ, ಹಂಗ ಇರಬೇಕ ನೋಡ್ರಿ" ಎಂದು ಒಪ್ಪಿಕೊಂಡು ಬಸ್ಸು ಹತ್ತಿದ. ಈಗ ಯಾರು ಕೇಳಿದರೂ ಅವನು ಅದನ್ನೇ ಹೇಳುತ್ತಾನಂತೆ, ಕಾಲೇಜಿನ ಸರ್ ಸಾಕ್ಷಿ ಎಂದೂ ಸೇರಿಸುತ್ತಾನಂತೆ. ಅಂದು ನಾನು ಕೊಟ್ಟ ಕಾರಣ ಯಾವುದು ಎಂಬುದು ಮಾತ್ರ ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.